ಊರಿನ ಅಪಾಯ ಊರಿಗೆ ಗೊತ್ತು, ಕೇಳುವವರು ಯಾರು?

ಬೇಸಿಗೆ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಿಂದ ಒಂದೇ ಬಗೆಯ ಸುದ್ದಿಗಳು ಪತ್ರಿಕೆಗಳ ಜಿಲ್ಲಾ ಪುಟವನ್ನು ತಲುಪುತ್ತವೆ. ತೋಟಕ್ಕೆ ಬೆಂಕಿ ಬಿತ್ತು. ಕೊಬ್ಬರಿ ಶೆಡ್ಡು ಸುಟ್ಟುಹೋಯಿತು. ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ‘ತಡವಾಗಿ ಬಂದರು’ ಎಂಬುದು ಊರವರ ಆಕ್ರೋಶ. ‘ದಾರಿ ತಿಳಿಯಲಿಲ್ಲ, ವಾಹನ ಒಳಗೆ ಹೋಗಲಿಲ್ಲ, ನೀರು ಸಿಗಲಿಲ್ಲ’ ಎಂಬುದು ಸಿಬ್ಬಂದಿಯ ಉತ್ತರ. ಎರಡೂ ಮಾತು ನಿಜವಾಗಿರಬಹುದು. ಆದರೆ ಈ ಎರಡು ಮಾತುಗಳ ನಡುವೆ ಮೂರನೆಯ ಪ್ರಶ್ನೆಯೊಂದು ಯಾರ ಬಾಯಿಂದಲೂ ಬಾರದೆ ಉಳಿದುಬಿಡುತ್ತದೆ. ದಾರಿ ಯಾವುದು, ನೀರು ಎಲ್ಲಿದೆ ಎಂಬುದನ್ನು ಬೆಂಕಿ ಬೀಳುವುದಕ್ಕೆ ಮೊದಲೇ ಠಾಣೆಗೆ ತಿಳಿಸುವ ಏರ್ಪಾಡು ಯಾವುದಿತ್ತು? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆಯನ್ನು ನಾವು ನಕ್ಕು ಹೇಳುತ್ತೇವೆ. ದಾರಿ ಹುಡುಕುವುದೂ ಅದೇ ಗಾದೆಗೆ ಸೇರಿದ್ದು.

ಆಪತ್ತನ್ನು ಎದುರಿಸಲು ಎರಡು ಬಗೆಯ ತಿಳಿವಳಿಕೆ ಬೇಕು. ಮೊದಲನೆಯದು ತರಬೇತಿಯಿಂದ ಬರುವಂಥದು. ಬೆಂಕಿಯ ಸ್ವಭಾವವೇನು, ಹೊಗೆ ತುಂಬಿದ ಕೋಣೆಯನ್ನು ಹೇಗೆ ಹೊಗಬೇಕು, ಗಾಯಾಳುವಿನ ಕತ್ತನ್ನು ಹೇಗೆ ಹಿಡಿಯಬೇಕು ಎಂಬುದು ಎಲ್ಲ ಊರಿಗೂ ಒಂದೇ. ಎರಡನೆಯದು ಸ್ಥಳದ ತಿಳಿವಳಿಕೆ. ಯಾವ ತೋಟದ ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧೆಯಿದ್ದಾರೆ, ಯಾವ ಬದುವಿನ ಮೇಲೆ ಲಾರಿ ತಿರುಗುತ್ತದೆ, ಯಾವ ಕೆರೆಯ ಏರಿ ಸಣ್ಣಗೆ ಜಿನುಗುತ್ತಿದೆ ಎಂಬುದು ಆ ಊರಿಗೆ ಮಾತ್ರ ಗೊತ್ತು. ವಿವೇಕವೆಂಬ ಗುಣವು ಸಾಮಾನ್ಯ ತತ್ತ್ವಗಳನ್ನು ಮಾತ್ರವಲ್ಲದೆ ಆಯಾ ಸಂದರ್ಭದ ವಿವರಗಳನ್ನೂ ಬಲ್ಲದ್ದಾಗಿರಬೇಕೆಂದು ಅರಿಸ್ಟಾಟಲ್ ಬಹಳ ಹಿಂದೆಯೇ ತಿಳಿಸಿದ. ಮನೆ ಚೆನ್ನಾಗಿದೆಯೇ ಎಂಬುದನ್ನು ಕಟ್ಟಿದವನಿಗಿಂತ ಅದರಲ್ಲಿ ವಾಸಿಸುವವನು ಚೆನ್ನಾಗಿ ಬಲ್ಲನೆಂಬುದೂ ಅವನದೇ ವಾದ. ತುರ್ತು ಸೇವೆಗಳ ವಿಷಯದಲ್ಲಿ ನಮ್ಮ ನಾಡು ಮೊದಲನೆಯ ತಿಳಿವಳಿಕೆಗೆ ಹಣ ವೆಚ್ಚ ಮಾಡಿದೆ. ಎರಡನೆಯದನ್ನು ಪಡೆಯುವ ದಾರಿಯನ್ನು ಕಾಗದದ ಮೇಲೆ ಮಾತ್ರ ತೆರೆದಿಟ್ಟಿದೆ.

ಕಾಗದದ ಮೇಲಿರುವುದು ಏನೆಂಬುದನ್ನು ಮೊದಲು ನೋಡೋಣ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರವಿದೆ. ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು. ಜಿಲ್ಲಾ ಪಂಚಾಯಿತಿಯ ಅಧ್ಯಕ್ಷರು ಸಹ-ಅಧ್ಯಕ್ಷರು. ಜಿಲ್ಲೆಯ ಯಾವ ಭಾಗ ಯಾವ ವಿಪತ್ತಿಗೆ ಸುಲಭವಾಗಿ ತುತ್ತಾಗುತ್ತದೆ ಎಂಬುದನ್ನು ಗುರುತಿಸಿ, ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಯೋಜನೆಯನ್ನು ಸಿದ್ಧಪಡಿಸಬೇಕು, ಪ್ರತಿ ವರ್ಷವೂ ಅದನ್ನು ಪರಿಷ್ಕರಿಸಬೇಕು ಎಂದು 31ನೇ ಕಲಮು ವಿಧಿಸುತ್ತದೆ. ಅದಕ್ಕೂ ಮೊದಲಿನ 28ನೇ ಕಲಮು ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಅಗತ್ಯವೆಂದು ಕಂಡಾಗ ಜಿಲ್ಲಾ ಪ್ರಾಧಿಕಾರವು ಒಂದು ಅಥವಾ ಹೆಚ್ಚು ಸಲಹಾ ಸಮಿತಿಗಳನ್ನು ರಚಿಸಬಹುದು ಎಂಬುದೇ ಅದರ ಸಾರ.

ಇಲ್ಲಿ ‘ಬಹುದು’ ಎಂಬ ಪದವನ್ನು ಗಮನಿಸಬೇಕು. ಯೋಜನೆ ಕಡ್ಡಾಯ, ಸಲಹೆ ಐಚ್ಛಿಕ. ಊರವರ ಮಾತನ್ನು ಕೇಳುವ ಬಾಗಿಲಿಗೆ ಅಗುಳಿಯಿದೆ, ಆ ಅಗುಳಿ ಒಳಗಡೆ ಇದೆ. ಚುನಾಯಿತ ಸಹ-ಅಧ್ಯಕ್ಷರ ಮೂಲಕವಾದರೂ ಜನರ ಧ್ವನಿ ಒಳಗೆ ಹೋದೀತೆಂದು ಭಾವಿಸೋಣವೆಂದರೆ, 2021ರಲ್ಲಿ ಕರ್ನಾಟಕದ ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ಹಲವು ವರ್ಷಗಳ ಕಾಲ ಚುನಾವಣೆ ನಡೆಯದೆ ಅವು ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಜನರ ಪರವಾಗಿ ಕುಳಿತುಕೊಳ್ಳಬೇಕಾದ ಆಸನ ಆ ವರ್ಷಗಳಲ್ಲಿ ಖಾಲಿಯಾಗಿತ್ತು. ಮಳೆಯಾಗಲಿ ಬರವಾಗಲಿ ಅದಕ್ಕಾಗಿ ಕಾಯಲಿಲ್ಲ.

ತೆಂಗಿನ ಸೀಮೆಯ ಅಪಾಯಗಳು ಬೇರೆ ಸೀಮೆಗಳ ಅಪಾಯಗಳಂತಲ್ಲ. ಕೊಬ್ಬರಿಯನ್ನೇ ತೆಗೆದುಕೊಳ್ಳಿ. ತಿಪಟೂರಿನ ಉಂಡೆ ಕೊಬ್ಬರಿಗೆ ದೇಶದಲ್ಲೆಲ್ಲ ಹೆಸರಿದೆ. ಆ ಉಂಡೆ ಸಿದ್ಧವಾಗಬೇಕಾದರೆ ಬಲಿತ ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ಸುಮಾರು ಒಂದು ವರ್ಷ, ಒಣಗಲು ಬಿಡಬೇಕು. ಅಂದರೆ ಒಂದು ಕುಟುಂಬದ ಇಡೀ ವರ್ಷದ ದುಡಿಮೆ, ಮಗಳ ಮದುವೆಯ ಖರ್ಚು, ಮಗನ ಕಾಲೇಜಿನ ಶುಲ್ಕ, ಸೊಸೈಟಿಯ ಸಾಲದ ಕಂತು ಎಲ್ಲವೂ ಒಣಗಿದ ಸಿಪ್ಪೆಯ ರೂಪದಲ್ಲಿ ಒಂದೇ ಮಾಡಿನ ಕೆಳಗೆ ಕೂಡಿರುತ್ತದೆ. ಎಣ್ಣೆ ತುಂಬಿದ ಕೊಬ್ಬರಿ, ಒಣ ನಾರು, ಮರದ ಅಟ್ಟ ಮೂರಕ್ಕೂ ಬೆಂಕಿಯ ಮೇಲೆ ಪ್ರೀತಿ. ನಾರಿನ ಕಾರ್ಖಾನೆಗಳ ಬಳಿ ಗುಡ್ಡೆಯಾಗಿ ಬಿದ್ದಿರುವ ನಾರಿನ ಪುಡಿಯ ಕಥೆ ಇನ್ನೊಂದು. ಅದರಲ್ಲಿ ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೊಳಗೆ ಕನಲುತ್ತಿರುತ್ತದೆ. ವಾಹನ ಹಿಂತಿರುಗಿದ ಮೇಲೆ ಗಾಳಿ ಬೀಸಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಗುಡ್ಡೆಯನ್ನು ಕೆದಕಿ ಹರಡಿ ನೆನೆಸಬೇಕೆಂಬುದನ್ನು ಅಲ್ಲಿ ದುಡಿಯುವ ಕೂಲಿಯವರು ಅನುಭವದಿಂದ ಬಲ್ಲರು.

ಮರ ಹತ್ತುವವರ ಪಾಡು ಇನ್ನೊಂದು. ಎತ್ತರದ ಮರದಿಂದ ಬಿದ್ದವನ ಬೆನ್ನುಮೂಳೆ ಉಳಿಯುವುದು ಆಂಬುಲೆನ್ಸಿನ ವೇಗವೊಂದರಿಂದಲೇ ಅಲ್ಲ. ಅವನನ್ನು ಮೊದಲು ಎತ್ತಿದವರು ಹೇಗೆ ಎತ್ತಿದರು ಎಂಬುದರಿಂದಲೂ ಹೌದು. ತೆಂಗು ಅಭಿವೃದ್ಧಿ ಮಂಡಳಿಯು 2011ರಿಂದ ‘ತೆಂಗಿನ ಮರದ ಗೆಳೆಯರು’ ಎಂಬ ಹೆಸರಿನಲ್ಲಿ ಯಂತ್ರದ ಸಹಾಯದಿಂದ ಮರ ಹತ್ತುವ ತರಬೇತಿಯನ್ನು ನೀಡತೊಡಗಿತು. ಮರ ಹತ್ತುವವರಿಗಾಗಿ ‘ಕೇರ ಸುರಕ್ಷಾ’ ಎಂಬ ವಿಮೆಯೂ ಇದೆ. ಈ ಸಂಗತಿ ಎಷ್ಟು ಮಂದಿ ಕೂಲಿಯವರ ಕಿವಿಗೆ ಬಿದ್ದಿದೆ? ಕಾಯಿ ಕೀಳುವ ಉದ್ದನೆಯ ಲೋಹದ ದೋಟಿ ವಿದ್ಯುತ್ ತಂತಿಗೆ ತಗುಲಿದರೆ ಕ್ಷಣಾರ್ಧದಲ್ಲಿ ಜೀವ ಹೋಗುತ್ತದೆ. ಯಾವ ತೋಟದಲ್ಲಿ ತಂತಿ ಜೋತುಬಿದ್ದಿದೆ ಎಂಬುದನ್ನು ಬೆಸ್ಕಾಂ ಕಚೇರಿಯ ನಕ್ಷೆ ಹೇಳಲಾರದು. ದಿನವೂ ಅದರ ಕೆಳಗೆ ಬಗ್ಗಿ ನಡೆಯುವವನು ಹೇಳಬಲ್ಲ.

ಬರಗಾಲವು ನಮ್ಮ ಸೀಮೆಗೆ ಮತ್ತೊಂದು ಅಪಾಯವನ್ನು ಬಿಟ್ಟುಹೋಗಿದೆ. 2016-17ರ ಸುಮಾರಿನ ಬರದಲ್ಲಿ ಒಣಗಿದ ಮರಗಳ ಸುಳಿಗಳನ್ನು ಕಂಡವರು ಅದನ್ನು ಮರೆತಿಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಪ್ರತಿ ಬರದಲ್ಲಿಯೂ ಮರಗಳನ್ನು ಉಳಿಸಲು ರೈತರು ಸಾಲಮಾಡಿ ಕೊಳವೆಬಾವಿ ಕೊರೆಸುತ್ತಾರೆ. ನೀರು ಬಾರದ ಬಾವಿಯ ಬಾಯಿ ಹಾಗೆಯೇ ತೆರೆದಿರುತ್ತದೆ. 2017ರ ಏಪ್ರಿಲ್‌ನಲ್ಲಿ ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಇಂಥ ಬಾವಿಗೆ ಬಿದ್ದ ಪುಟ್ಟ ಬಾಲಕಿ ಬದುಕಿ ಬರಲಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಬಿದ್ದ ಎಳೆಯ ಮಗುವನ್ನು ಸುಮಾರು 20 ಗಂಟೆಗಳ ಹೋರಾಟದ ಬಳಿಕ ಜೀವಂತವಾಗಿ ಹೊರತಂದಾಗ ನಾಡೇ ಆನಂದಬಾಷ್ಪ ಸುರಿಸಿತು. ಆದರೆ ಕೊರೆಯುವ ಮೊದಲು ಲಿಖಿತ ಮಾಹಿತಿ ಕೊಡಬೇಕು, ಸುತ್ತ ಬೇಲಿ ಹಾಕಬೇಕು, ಕೊಳವೆಯ ಬಾಯನ್ನು ಮುಚ್ಚಬೇಕು, ಪಾಳು ಬಾವಿಯನ್ನು ಮಣ್ಣಿನಿಂದ ತುಂಬಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ನಿರ್ದೇಶನ ನೀಡಿತ್ತು. ಪಾಳು ಬಾವಿಗಳು ಎಲ್ಲೆಲ್ಲಿವೆ ಎಂಬುದು ದನ ಮೇಯಿಸುವ ಹುಡುಗನಿಗೆ ಗೊತ್ತಿರುತ್ತದೆ. ಅವನನ್ನು ಕೇಳಿದವರಿಲ್ಲ.

ಬರದ ಬೆನ್ನಿಗೇ ಅತಿವೃಷ್ಟಿಯೂ ಬರುತ್ತದೆ. 2022ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯ ಅನೇಕ ಕೆರೆಗಳು ಕೋಡಿಬಿದ್ದವು. ವರ್ಷಗಟ್ಟಲೆ ಒಣಗಿದ್ದ ಏರಿಯಲ್ಲಿ ಗಿಡಗಂಟಿ ಬೇರು ಬಿಟ್ಟಿರುತ್ತದೆ, ಇಲಿ ಬಿಲ ತೋಡಿರುತ್ತದೆ. ತುಂಬಿದಾಗ ಅದೇ ದೌರ್ಬಲ್ಯವಾಗುತ್ತದೆ. ಹಿಂದೆ ಪ್ರತಿ ಕೆರೆಗೂ ಒಬ್ಬ ನೀರುಗಂಟಿ ಇದ್ದ. ತೂಬು ತೆರೆಯುವವನೂ ಅವನೇ, ರಾತ್ರಿ ಏರಿಯ ಮೇಲೆ ನಡೆದು ಜಿನುಗನ್ನು ಗಮನಿಸುವವನೂ ಅವನೇ. ತಳವಾರ ಊರನ್ನು ಕಾಯುತ್ತಿದ್ದ, ತೋಟಿ ಸುದ್ದಿ ಮುಟ್ಟಿಸುತ್ತಿದ್ದ. ಆ ವಂಶಪಾರಂಪರ್ಯದ ಹುದ್ದೆಗಳಲ್ಲಿ ಜಾತಿಯ ಕಟ್ಟುಪಾಡಿತ್ತು, ಬಿಟ್ಟಿ ದುಡಿಮೆಯ ನೋವಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯು ಅವಕ್ಕೆ ಕೊನೆ ಹಾಡಿದ್ದು ನ್ಯಾಯವೇ. ಆದರೆ ಹುದ್ದೆ ಹೋದಾಗ ಅದರೊಳಗಿದ್ದ ತಿಳಿವಳಿಕೆಯನ್ನು ಯಾರಿಗೆ ಒಪ್ಪಿಸಬೇಕೆಂದು ನಾವು ಯೋಚಿಸಲಿಲ್ಲ. ಇಂದು ಆ ಸ್ಥಾನ ತುಂಬಬೇಕಾದುದು ಹುಟ್ಟಿನಿಂದ ನೇಮಕವಾದ ಒಬ್ಬ ಸೇವಕನಲ್ಲ, ಸಮಾನರು ಸೇರಿದ ಒಂದು ಸಮಿತಿ.

ಇನ್ನು ಚಿರತೆಯ ಭೀತಿ. 2019-20ರಲ್ಲಿ ತುಮಕೂರು ಜಿಲ್ಲೆಯಲ್ಲಿ ಮಕ್ಕಳೂ ವೃದ್ಧರೂ ಚಿರತೆ ದಾಳಿಗೆ ಬಲಿಯಾದ ದುಃಖವನ್ನು ಓದುಗರು ಬಲ್ಲರು. ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನ ಅಂಚಿನ ಹಳ್ಳಿಗಳಲ್ಲಿ ಕರಡಿಯೂ ಅಪರೂಪವಲ್ಲ. ಅರಣ್ಯ ಇಲಾಖೆಯವರು ಬೋನು ಇಡುತ್ತಾರೆ. ಅದನ್ನು ಎಲ್ಲಿ ಇಡಬೇಕೆಂಬುದನ್ನು ಸಂಜೆ ಹುಲ್ಲು ಹೊರೆ ಹೊತ್ತು ಬರುವ ಹೆಂಗಸರು ಚೆನ್ನಾಗಿ ಸೂಚಿಸಬಲ್ಲರು. ಬೆಂಕಿ, ಬೀಳು, ಬಾವಿ, ಏರಿ, ಚಿರತೆ, ಇವುಗಳ ಜೊತೆಗೆ ತುಮಕೂರು-ಶಿವಮೊಗ್ಗ ಹೆದ್ದಾರಿಯ ಅಪಘಾತಗಳು. ಈ ಪಟ್ಟಿಯಲ್ಲಿ ಊರಿನವರ ನೆರವಿಲ್ಲದೆ ಇಲಾಖೆಯೊಂದೇ ನಿಭಾಯಿಸಬಲ್ಲ ಅಪಾಯ ಒಂದಾದರೂ ಇದೆಯೇ?

ಸಲಹಾ ಸಮಿತಿ ಎಂಬುದು ಹೊಸ ಕಲ್ಪನೆಯೇನಲ್ಲ. ಅದರ ಹಿಂದೆ ದೊಡ್ಡ ದುರಂತವೊಂದರ ಪಾಠವಿದೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕಾರ್ಖಾನೆಯಿಂದ ವಿಷಾನಿಲ ಹೊರಬಿದ್ದಾಗ ಗೋಡೆಯಾಚೆಯ ಬಡವರಿಗೆ ಒಳಗೆ ಏನಿದೆಯೆಂದು ಗೊತ್ತಿರಲಿಲ್ಲ. ಎತ್ತ ಓಡಬೇಕೆಂದೂ ತಿಳಿದಿರಲಿಲ್ಲ. ಈ ಸಾವುಗಳ ಬಳಿಕ ಅಮೆರಿಕವು 1986ರಲ್ಲಿ ಕಾಯ್ದೆಯೊಂದನ್ನು ಮಾಡಿ, ಅಗ್ನಿಶಾಮಕರು, ಪೊಲೀಸರು, ಆಸ್ಪತ್ರೆಯವರು, ಪತ್ರಿಕೆಯವರು, ಸಮುದಾಯದ ಪ್ರತಿನಿಧಿಗಳು ಕೂಡಿ ಕುಳಿತುಕೊಳ್ಳುವ ಸ್ಥಳೀಯ ತುರ್ತು ಯೋಜನಾ ಸಮಿತಿಗಳನ್ನು ಕಡ್ಡಾಯಗೊಳಿಸಿತು. ನಮ್ಮ ದೇಶದಲ್ಲಿಯೂ 1996ರ ರಾಸಾಯನಿಕ ಅಪಘಾತಗಳ ನಿಯಮಗಳು ಜಿಲ್ಲಾ ಮತ್ತು ಸ್ಥಳೀಯ ವಿಷಮಸ್ಥಿತಿ ನಿರ್ವಹಣಾ ತಂಡಗಳಿಗೆ ಅವಕಾಶ ಕಲ್ಪಿಸಿದವು. ಸ್ಥಳೀಯ ತಂಡದಲ್ಲಿ ಅಧಿಕಾರಿಗಳೊಡನೆ ಗ್ರಾಮದ ಮುಖಂಡರು, ವೈದ್ಯರು, ಸ್ಥಳೀಯ ಪತ್ರಿಕೆಯ ಸಂಪಾದಕರು, ಸಮಾಜ ಸೇವಕರು ಇರಬೇಕು. ತಂಡವು ತಿಂಗಳಿಗೊಮ್ಮೆ ಸೇರಬೇಕು. ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಸಬೇಕು. ಅಪಾಯಕಾರಿ ರಾಸಾಯನಿಕಗಳಿರುವ ಕೈಗಾರಿಕಾ ಪ್ರದೇಶಕ್ಕೆ ಸೂಕ್ತವೆಂದು ಕಂಡ ಈ ಏರ್ಪಾಡು ತೆಂಗಿನ ತೋಟಕ್ಕೆ ಏಕೆ ಸಲ್ಲದು? ನಾರಿನ ಗುಡ್ಡೆಯ ಪಕ್ಕದಲ್ಲಿ ವಾಸಿಸುವವನ ಜೀವಕ್ಕೆ ಬೆಲೆ ಕಡಿಮೆಯೇ?

ಊರವರು ಮೊದಲು ಧಾವಿಸುತ್ತಾರೆ ಎಂಬುದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ. 1995ರ ಜನವರಿ 17ರಂದು ಜಪಾನಿನ ಕೋಬೆ ನಗರದಲ್ಲಿ ಭೂಕಂಪವಾದಾಗ ಅವಶೇಷಗಳಡಿಯಿಂದ ಪಾರಾದವರಲ್ಲಿ ಬಹುಪಾಲು ಮಂದಿಯನ್ನು ಎಳೆದು ತೆಗೆದವರು ಮನೆಯವರು ಮತ್ತು ನೆರೆಯವರು. 2018ರ ಪ್ರವಾಹದಲ್ಲಿ ಕೇರಳದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೇರಿಸಿಕೊಂಡು ಬಂದು ಸಾವಿರಾರು ಮಂದಿಯನ್ನು ರಕ್ಷಿಸಿದರು. ಊರವರ ಎಚ್ಚರಿಕೆಗೆ ಕಿವಿಗೊಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷ್ಯವಿದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಗೋಪುರ ಹೊತ್ತಿ ಉರಿದು 72 ಮಂದಿ ಸತ್ತರು. ಬೆಂಕಿಯ ಅಪಾಯವಿದೆಯೆಂದು ಅಲ್ಲಿನ ನಿವಾಸಿಗಳು ಮೊದಲೇ ಬರೆದು ಎಚ್ಚರಿಸಿದ್ದರು. ಶ್ರೀಮಂತ ದೇಶ, ಸುಸಜ್ಜಿತ ಅಗ್ನಿಶಾಮಕ ದಳ, ಯಾವುದಕ್ಕೂ ಕೊರತೆಯಿರಲಿಲ್ಲ. ಕೇಳುವ ಕಿವಿಗೆ ಕೊರತೆಯಿತ್ತು.

ನಮ್ಮ ಸೀಮೆಗೂ ಇದರ ರುಚಿ ಒಮ್ಮೆ ಸಿಕ್ಕಿದೆ. 2020 ಮತ್ತು 2021ರ ಕೊರೊನಾ ಕಾಲದಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಕಾರ್ಯಪಡೆಗಳು ರಚನೆಯಾದವು. ಪಂಚಾಯಿತಿಯವರು, ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಒಂದುಗೂಡಿ, ಯಾರ ಮನೆಗೆ ಹೊರಗಿನಿಂದ ಯಾರು ಬಂದಿದ್ದಾರೆ, ಯಾರಿಗೆ ಔಷಧ ಬೇಕು ಎಂಬುದನ್ನು ಗುರುತಿಸಿದರು. ಎಲ್ಲ ಕಡೆಯೂ ಅದು ಒಂದೇ ಸಮನಾಗಿ ನಡೆಯಲಿಲ್ಲ ಎಂಬುದು ನಿಜ. ಆದರೂ ಊರು ತನ್ನನ್ನು ತಾನೇ ಎಣಿಸಿಕೊಳ್ಳಬಲ್ಲದು ಎಂಬುದು ಸಿದ್ಧವಾಯಿತು. ಸಾಂಕ್ರಾಮಿಕ ಹೋಯಿತು, ಕಾರ್ಯಪಡೆಯೂ ಕರಗಿತು. ಆಪತ್ತಿನಲ್ಲಿ ಹುಟ್ಟಿ ಆಪತ್ತಿನೊಡನೆ ಸಾಯುವ ಸಮಿತಿಗಳಿಂದ ಮುಂದಿನ ಆಪತ್ತಿಗೆ ಪ್ರಯೋಜನವಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಹತ್ತು ಮಂದಿ ಸಲಹೆ ಕೊಡತೊಡಗಿದರೆ ಅಧಿಕಾರಿ ಕೆಲಸ ಮಾಡುವುದು ಹೇಗೆ? ಇದಕ್ಕೆ ಉತ್ತರ ಸಲಹೆಗೂ ಆಜ್ಞೆಗೂ ಇರುವ ವ್ಯತ್ಯಾಸದಲ್ಲಿದೆ. ಬೆಂಕಿಯ ಮುಂದೆ ಆಜ್ಞೆ ಒಬ್ಬರದೇ ಆಗಿರಬೇಕು, ಅದು ಅಗ್ನಿಶಾಮಕ ಅಧಿಕಾರಿಯದು. ಆಗ ಗುಂಪು ಕೂಡಿ ಕೂಗಾಡುವುದು ಸಲಹೆಯಲ್ಲ, ಅಡ್ಡಿ. ಸಲಹೆಯ ಕಾಲ ಅದಕ್ಕೂ ಮೊದಲಿನದು. ವಿವೇಕದ ಅಂಗಗಳನ್ನು ವಿವರಿಸುತ್ತಾ ಸಂತ ತೋಮಸ್ ಅಕ್ವಿನಾಸರು ಕಲಿಯುವ ಸಿದ್ಧತೆಯನ್ನೂ ಅವುಗಳಲ್ಲಿ ಸೇರಿಸಿದ್ದಾರೆ. ಸಂದರ್ಭಗಳ ವೈವಿಧ್ಯ ಅನಂತವಾದುದರಿಂದ ಯಾವ ಮನುಷ್ಯನೂ ಎಲ್ಲವನ್ನೂ ಒಬ್ಬನೇ ಅರಿಯಲಾರ, ಅನುಭವಸ್ಥರಿಂದ ಕಲಿಯಲೇಬೇಕು ಎಂಬುದು ಅವರ ತರ್ಕ. ಕೇಳಿಸಿಕೊಳ್ಳುವುದರಿಂದ ಅಧಿಕಾರ ಕುಗ್ಗುವುದಿಲ್ಲ. ಅದು ಕಣ್ಣು ಪಡೆಯುತ್ತದೆ. ಕೆಳಗಿನ ಸಮುದಾಯವು ಮಾಡಬಲ್ಲ ಕೆಲಸವನ್ನು ಮೇಲಿನದು ಕಸಿದುಕೊಳ್ಳುವುದು ಅನ್ಯಾಯವೆಂದು ಪೋಪ್ 11ನೇ ಪಿಯುಸ್ 1931ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದ್ದನ್ನೂ ಇಲ್ಲಿ ನೆನೆಯಬಹುದು.

ಸಮಿತಿಗಳಿಗೆ ತಗಲುವ ರೋಗಗಳನ್ನೂ ಮರೆಮಾಚಬಾರದು. ಮೊದಲನೆಯದು, ಪಕ್ಷದ ಕಾರ್ಯಕರ್ತರಿಗೂ ದೊಡ್ಡ ಹಿಡುವಳಿದಾರರಿಗೂ ಕುರ್ಚಿ ಹಂಚುವುದು. ಶೆಡ್ಡಿನ ಮಾಲೀಕ ಸಮಿತಿಯಲ್ಲಿದ್ದು ಅಲ್ಲಿ ಕಾಯಿ ಸುಲಿಯುವವನು ಇಲ್ಲದಿದ್ದರೆ, ಮಾಲೀಕನಿಗೆ ಕಾಣುವ ಅಪಾಯ ಮಾತ್ರ ದಾಖಲಾಗುತ್ತದೆ. ಮರ ಹತ್ತುವವರು, ಕಾಲೋನಿಯ ನಿವಾಸಿಗಳು, ನಾರಿನ ಕಾರ್ಖಾನೆಯಲ್ಲಿ ದುಡಿಯುವ ಹೊರರಾಜ್ಯದವರು, ಹೆಂಗಸರು, ಅಂಗವಿಕಲರು ಇಲ್ಲದ ಸಮಿತಿ ಅರ್ಧಗುರುಡು. ಎರಡನೆಯ ರೋಗ, ಸಹಿ ಹಾಕಿ ಕಾಫಿ ಕುಡಿದು ಏಳುವುದು. ಇದು ಕ್ರೈಸ್ತ ಕುಟುಂಬಗಳಿಗೆ ಅಪರಿಚಿತವಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 536ನೇ ನಿಯಮದಂತೆ ಧರ್ಮಕೇಂದ್ರದ ಪಾಲನಾ ಪರಿಷತ್ತಿಗೆ ಇರುವುದೂ ಸಲಹಾಧಿಕಾರವೇ. ಅಂಥ ಪರಿಷತ್ತು ಯಾವಾಗ ಜೀವಂತವಾಗಿರುತ್ತದೆ, ಯಾವಾಗ ಹೆಸರಿಗೆ ಮಾತ್ರ ಉಳಿಯುತ್ತದೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಸಲಹೆ ಕೇಳಿದವನು ಉತ್ತರಿಸುವ ಹೊಣೆಯನ್ನು ಹೊತ್ತಾಗ ಅದು ಜೀವಂತ. ‘ನಿಮ್ಮ ಮಾತನ್ನು ಒಪ್ಪಲಿಲ್ಲ, ಕಾರಣ ಇದು’ ಎಂದರೂ ಸಾಕು. ಮೌನವಾಗಿ ಬದಿಗಿಟ್ಟಾಗ ಮಾತ್ರ ಸಲಹೆ ಅವಮಾನವಾಗುತ್ತದೆ.

ಆದುದರಿಂದ ಕೆಲವು ಸೂಚನೆಗಳನ್ನು ಜಿಲ್ಲಾಡಳಿತದ ಮುಂದಿಡಬಯಸುತ್ತೇನೆ. ಈ ಮೂರೂ ತಾಲೂಕುಗಳು ತಿಪಟೂರು ಉಪವಿಭಾಗಕ್ಕೆ ಸೇರಿವೆ. 28ನೇ ಕಲಮಿನಡಿ ಈ ಉಪವಿಭಾಗಕ್ಕೆ ಒಂದು ಸಲಹಾ ಸಮಿತಿಯನ್ನು ರಚಿಸಲಿ. ಅಗ್ನಿಶಾಮಕ ಠಾಣೆ, ಪೊಲೀಸ್, 108 ಆಂಬುಲೆನ್ಸ್, ಆರೋಗ್ಯ, ಅರಣ್ಯ, ಬೆಸ್ಕಾಂ ಇಲಾಖೆಯವರು ಅದರಲ್ಲಿ ಕೇಳುವವರಾಗಿ ಕುಳಿತುಕೊಳ್ಳಲಿ. ಸಭೆ ವರ್ಷಕ್ಕೆ ಎರಡು ಬಾರಿ ಖಂಡಿತವಾಗಿ ಸೇರಲಿ, ಒಂದು ಬೇಸಿಗೆಗೆ ಮುನ್ನ, ಇನ್ನೊಂದು ಮುಂಗಾರಿಗೆ ಮುನ್ನ. ಯಾವ ಸಲಹೆ ಬಂತು, ಅದಕ್ಕೆ ಏನು ಮಾಡಲಾಯಿತು ಎಂಬುದನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆಯಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ.

ಸರ್ಕಾರ ಎಚ್ಚರಗೊಳ್ಳುವವರೆಗೆ ನಾವು ಕಾಯಬೇಕಾಗಿಯೂ ಇಲ್ಲ. ಗ್ರಾಮ ಸಭೆಯ ಬಾಗಿಲು ತೆರೆದೇ ಇದೆ. ಅಲ್ಲಿ ಮನೆ, ಚರಂಡಿ, ಬೀದಿದೀಪಗಳ ಜೊತೆಗೆ ಅಪಾಯಗಳ ಪಟ್ಟಿಯನ್ನೂ ಓದಿ ನಿರ್ಣಯದಲ್ಲಿ ಸೇರಿಸಿರೆಂದು ಕೇಳುವ ಹಕ್ಕು ಪ್ರತಿಯೊಬ್ಬ ಮತದಾರನಿಗೂ ಇದೆ. ಈ ಸೀಮೆಯಲ್ಲಿ ನಮ್ಮ ಕ್ರೈಸ್ತ ಕುಟುಂಬಗಳ ಸಂಖ್ಯೆ ಚಿಕ್ಕದು. ಅಪಾಯ ಮಾತ್ರ ಮತವನ್ನು ಕೇಳಿ ಬರುವುದಿಲ್ಲ, ನೆರವೂ ಹಾಗೆಯೇ ಹೋಗಬೇಕು. ನಮ್ಮಲ್ಲಿ ದಾದಿಯರಿದ್ದಾರೆ, ಶಿಕ್ಷಕರಿದ್ದಾರೆ, ನಿವೃತ್ತ ನೌಕರರಿದ್ದಾರೆ. ತಮ್ಮ ಬೀದಿಯಲ್ಲಿ ಒಂಟಿಯಾಗಿರುವ ವೃದ್ಧರು ಯಾರು, ತೆರೆದ ಕೊಳವೆಬಾವಿ ಎಲ್ಲಿದೆ, ಬೇಸಿಗೆಯಲ್ಲೂ ನೀರಿರುವ ಕೃಷಿ ಹೊಂಡ ಯಾವುದು, ಅಲ್ಲಿಗೆ ವಾಹನ ಹೋಗುವ ದಾರಿ ಯಾವುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ನೆರೆಹೊರೆಯವರಿಗೂ ತೋರಿಸಿ ತಿದ್ದಿಸಿ, ಪಂಚಾಯಿತಿಗೂ ಹತ್ತಿರದ ಅಗ್ನಿಶಾಮಕ ಠಾಣೆಗೂ ತಲಾ ಒಂದು ಪ್ರತಿ ಕೊಡುವುದು ಒಂದು ಭಾನುವಾರದ ಸಂಜೆಯ ಕೆಲಸ. ಸ್ವೀಕರಿಸಿದ್ದಕ್ಕೆ ಮುದ್ರೆಯೊತ್ತಿಸಿ ರಸೀದಿ ಪಡೆಯಲು ಮರೆಯಬೇಡಿ. ಮುಂದಿನ ವರ್ಷ ಅದೇ ಹಾಳೆಯನ್ನು ಕೈಯಲ್ಲಿ ಹಿಡಿದು, ಇವುಗಳಲ್ಲಿ ಎಷ್ಟು ಬಾವಿಗಳ ಬಾಯಿ ಮುಚ್ಚಿತು ಎಂದು ಕೇಳಲು ಅದು ಬೇಕಾಗುತ್ತದೆ.